ದುರ್ಗದಬೈಲಿನಲ್ಲಿ ಕೇಳಿದ ‘ಹಗಲೆಲ್ಲಾ’

ವಯಸ್ಸಾದರೂ ವ್ಯಾಪಾರ ಬಿಡದ ಹೆಂಗಸರ ಎದುರು ಕುಳಿತು, ಅದೇಕೆಂದು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಮೈಸೂರಿನಿಂದ ಹುಬ್ಬಳ್ಳಿಗೆ ಬಂದದ್ದೂ ಅದಕ್ಕೇ. ಇಂದು ಮಧ್ಯಾಹ್ನ ದುರ್ಗದಬೈಲಿನ ಬಳೆ ಅಂಗಡಿಯಲ್ಲಿ ಮಾತಿಗೆ ಸಿಕ್ಕವರು ಎಪ್ಪತ್ತು ದಾಟಿದ ಗಂಗವ್ವ.

“ಅಂಗಡಿ ಬಿಡು ಅಂತ ಮಗಳು ಹಗಲೆಲ್ಲಾ ಅಂತಾಳ್ರಿ” ಎಂದರು.

ಬೆಳಗಿನಿಂದ ಸಂಜೆಯವರೆಗೂ ಕಾಡುವ ಮಗಳು ಎಂದು ಬರೆದುಕೊಂಡೆ. ಮರುಕದಿಂದ ಕೇಳಿದೆ: “ರಾತ್ರಿಯಾದರೂ ಸುಮ್ಮನಿರುತ್ತಾರಾ?”

ಗಂಗವ್ವ ಬಳೆಯ ಡಬ್ಬಿ ಕೆಳಗಿಟ್ಟು ನಕ್ಕರು. ಬಳೆ ತೊಡಲು ಕೈ ಚಾಚಿ ಕುಳಿತಿದ್ದ ಗಿರಾಕಿಯೂ ನಕ್ಕಳು.

“ಹಗಲೆಲ್ಲಾ ಅಂದ್ರ ಪದೇ ಪದೇ ಅಂತ್ರಿ! ನನ್ನ ಮಗಳು ಬಂಗಾರದಂಥಾಕಿ. ನನ್ನ ಮೊಣಕಾಲ ನೋವು ನೋಡಿ ಹಂಗಂತಾಳ, ಪಾಪ.”

ಬರೆದದ್ದರ ಮೇಲೆ ಗೀಟೆಳೆದೆ. ಕೇಳದೇ ಎದ್ದಿದ್ದರೆ ಆ ಒಳ್ಳೆಯ ಮಗಳು ನನ್ನ ವರದಿಯಲ್ಲಿ ಶಾಶ್ವತವಾಗಿ ಗಯ್ಯಾಳಿಯಾಗಿ ಉಳಿಯುತ್ತಿದ್ದಳು.

“ಮತ್ತೆ ಯಾಕೆ ಬಿಟ್ಟಿಲ್ಲ?”

“ಮನ್ಯಾಗ ಎಲ್ಲಾರಿಗೂ ನಾ ಅವ್ವ, ಇಲ್ಲಾ ಅಜ್ಜಿ. ಇಲ್ಲೆ ಬಂದ್ರ ಗಂಗವ್ವಾ ಅಂತ ಕರೀತಾರ. ನನ್ನ ಹೆಸರು ಕೇಳಾಕ ಬರ್ತೇನ್ರಿ.”

ಉಳಿದ ಪ್ರಶ್ನೆಗಳ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿದೆ. ಏಳುವಾಗ ಅವರು ನನ್ನ ಕೈ ಹಿಡಿದು, ಬೆರಳು ಒತ್ತಿ, ಎರಡು ಹಸಿರು ಬಳೆ ಏರಿಸಿದರು.

“ನಿಮ್ಮ ಹೆಸರ ಹೇಳಲೇ ಇಲ್ಲಲ್ರಿ?”

ಇಷ್ಟು ಹೊತ್ತು ಅವರನ್ನು ಪ್ರಶ್ನೆ ಕೇಳಿದ್ದೆ, ನನ್ನ ಹೆಸರು ಹೇಳಿರಲಿಲ್ಲ. “ಸುಮಾ” ಎಂದೆ.

“ಸುಮಕ್ಕಾ, ಹಗಲೆಲ್ಲಾ ಬರ್ರಿ ಮತ್ತ!”