ಅಂಕಲ್ ಬಿಟ್ಟುಕೊಡದ ಪುಟ

ಹೋದ ತಿಂಗಳು ಈ ಪರದೇಶದ ಕ್ಲೆಮೆಂಟಿ ಬಡಾವಣೆಯ ಲಾಂಡ್ರಿಯೊಂದರ ಮುಂದೆ ಹಾದುಹೋಗುವಾಗ, ಗಂಜಿ ಹಾಕಿದ ಬಟ್ಟೆಯ ಮೇಲೆ ಬಿಸಿ ಇಸ್ತ್ರಿ ಎಳೆದ ವಾಸನೆ ಬಂತು. ನಡೆಯುತ್ತಿದ್ದವಳು ಹಾಗೇ ನಿಂತುಬಿಟ್ಟೆ. ತೊಂಬತ್ತರ ದಶಕದ ಒಂದು ಭಾನುವಾರ, ಒಂಬತ್ತನೇ ಮಹಡಿ, ತೆರೆದ ಬಾಗಿಲು... ಒಳಗೆ ಪಕ್ಕದ ಮನೆಯ ಅಂಕಲ್ ತಮ್ಮ ಬಿಳಿ ಶರ್ಟಿಗೆ ತಾವೇ ಇಸ್ತ್ರಿ ಹಾಕುತ್ತಿದ್ದಾರೆ.

ಆಗ ನಾನು ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತ ಆ ಮಹಡಿಯ ಒಂದು ಬಾಡಿಗೆ ಕೋಣೆಯಲ್ಲಿದ್ದೆ. ಅಂಕಲ್ ಮೈಸೂರಿನವರು, ಪೊಲೀಸ್ ತರಬೇತಿ ಶಾಲೆಯಲ್ಲಿ ಕಲಿಸುತ್ತಿದ್ದವರು. ಕಾಂಬೋಡಿಯಾದಲ್ಲಿ ಯುದ್ಧ ನಿಂತ ಮೇಲೆ ಅಲ್ಲಿ ಹೊಸ ಪೊಲೀಸರನ್ನು ತಯಾರು ಮಾಡಲು ಹೋದ ಹಲವು ದೇಶಗಳ ತಂಡದಲ್ಲಿ ಅವರೂ ಇದ್ದರು. ನಿವೃತ್ತರಾಗಿ ಮಗಳ ಮನೆಗೆ ಬಂದಿದ್ದರು. ಕಾಂಬೋಡಿಯಾದಲ್ಲಿ ಕಲಿಸಿದ್ದನ್ನೆಲ್ಲ ಒಂದು ಕೈಪಿಡಿಯಾಗಿ ಬರೆದುಕೊಡಿ ಎಂದು ತಂಡದ ಕಚೇರಿ ಕೇಳಿತ್ತು. ಅವರು ಕೈಯಲ್ಲಿ ಬರೆದದ್ದನ್ನು ನಾನು ಟೈಪ್ ಮಾಡಿಕೊಡುತ್ತಿದ್ದೆ.

ಭಾನುವಾರ ಮಧ್ಯಾಹ್ನ ಕಟ್ಟಡದ ಕೆಳಗೆ ಗೋಡೆಯಿಲ್ಲದೆ ತೆರೆದಿಟ್ಟ ವಾಯ್ಡ್ ಡೆಕ್‌ನಲ್ಲಿ ಕೂರುತ್ತಿದ್ದೆವು. ಗಾಳಿ ಹಾಳೆಗಳನ್ನು ಮಗುಚುತ್ತಿತ್ತು. ದೂರದಲ್ಲಿ ಎಂಆರ್‌ಟಿ ರೈಲು ಮರಗಳ ತುದಿಯ ಮೇಲೆ ತೇಲಿದಂತೆ ಹೋಗುತ್ತಿತ್ತು. ಅಂಕಲ್ ಮಾತು ಎಲ್ಲಿಂದಲೋ ಶುರುವಾಗಿ ಎಲ್ಲಿಗೋ ಹೋಗುತ್ತಿತ್ತು... ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದ್ದವರನ್ನು ಒಂದೇ ಬೆಂಚಿನಲ್ಲಿ ಕೂರಿಸಿದ್ದು, ದೂರು ಕೊಡಲು ಬಂದವರಿಗೆ ಮೊದಲು ಕುರ್ಚಿ ಕೊಡಬೇಕು ಎಂದಾಗ ಕ್ಲಾಸಿಗೆ ಕ್ಲಾಸೇ ನಕ್ಕಿದ್ದು. ಹಾಗೆ ನಗದೆ ಬರೆದುಕೊಂಡವನು ಒಬ್ಬನೇ ಅಂತೆ. ಅವನೇ ಅವರ ಅಚ್ಚುಮೆಚ್ಚಿನ ಶಿಷ್ಯನಾದ.

ಅವನನ್ನು ಒಂದು ಹಳ್ಳಿಯ ಹೊಸ ಠಾಣೆಗೆ ಹಾಕಿದರು. ಠಾಣೆ ತೆರೆದ ದಿನ ಅಂಕಲ್ ಕೂಡ ಅಲ್ಲಿದ್ದರು. ಮೊದಲು ಬಂದವಳು ಒಬ್ಬ ಹೆಂಗಸು, ಕಾಣೆಯಾದ ಗಂಡನ ಫೋಟೋ ಹಿಡಿದು. ಶಿಷ್ಯ ಎದ್ದು ಕುರ್ಚಿ ಎಳೆದುಕೊಟ್ಟ. ಆಕೆ ಅವನ ಮುಖ ನೋಡಿದವಳೇ ತಿರುಗಿ ಹೊರಟಳು. ಅಂಕಲ್ ದುಭಾಷಿಯನ್ನು ಕರೆದುಕೊಂಡು ಹಿಂದೆ ಓಡಿದರು. ಆಕೆ ಹೇಳಿದ್ದು ಒಂದೇ ಮಾತು, ಗಂಡನನ್ನು ಎಳೆದುಕೊಂಡು ಹೋದವನು ಇವನೇ ಎಂದು.

"ಅವನನ್ನ ಕೇಳ್ದೆ ಕಣಮ್ಮ," ಎಂದರು ಅಂಕಲ್. "ಸುಳ್ಳು ಹೇಳ್ಲಿಲ್ಲ. 'ಹೌದು ಸಾರ್, ನೀವು ಕೇಳ್ಲಿಲ್ಲ' ಅಂದ."

ನಿಜ, ಕೇಳಿರಲಿಲ್ಲ. ಯುದ್ಧದಲ್ಲಿ ಏನು ಮಾಡಿದೆ ಎಂಬ ಪ್ರಶ್ನೆ ಅರ್ಜಿಯಲ್ಲೇ ಇತ್ತು. ಹಿಂದಿನದು ಬಿಡಿ, ಇವತ್ತಿನಿಂದ ಹೊಸದಾಗಿ ಶುರು ಮಾಡೋಣ ಎಂದು ಆ ಜಾಗ ಖಾಲಿ ಬಿಡಿಸಿದವರು ಅಂಕಲ್ಲೇ. ಅವನನ್ನು ಕೆಲಸದಿಂದ ತೆಗೆದರು. ಅಂಕಲ್ ಅಲ್ಲಿರುವವರೆಗೂ ಆ ಹೆಂಗಸು ಠಾಣೆಯ ಕಡೆ ಮತ್ತೆ ಬರಲಿಲ್ಲ.

ಇದನ್ನೆಲ್ಲ ಅವರು ಒಂದು ಪುಟದಲ್ಲಿ ಬರೆದರು. ಸಮವಸ್ತ್ರ ಕೊಡುವ ಮೊದಲು ಊರಿಗೆ ಹೋಗಿ, ಇವನು ನಿಮ್ಮ ಠಾಣೆಯಲ್ಲಿ ಕೂರಬಹುದೇ ಎಂದು ಜನರನ್ನು ಕೇಳಿ. ನಾನು ಕೇಳದೆ ತಪ್ಪು ಮಾಡಿದೆ, ಎಂದು. ಕೆಲವು ವಾರಗಳ ನಂತರ ಕಚೇರಿಯಿಂದ ಕಾಗದ ಬಂತು. ಕೈಪಿಡಿ ಚೆನ್ನಾಗಿದೆ, ಆ ಒಂದು ಪುಟ ತೆಗೆದರೆ ಅಚ್ಚು ಹಾಕುತ್ತೇವೆ, ಕಾಂಬೋಡಿಯಾದ ಅಧಿಕಾರಿಗಳಿಗೆ ಬೇಸರವಾಗುತ್ತದೆ...

"ಒಂದು ಪೇಜ್ ತಾನೆ ಅಂಕಲ್? ಮಿಕ್ಕಿದ್ದಾದ್ರೂ ಪ್ರಿಂಟ್ ಆಗ್ಲಿ," ಎಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಂಕಲ್ ಕಾಗದವನ್ನು ಮಡಿಚಿಟ್ಟರು. "ಆ ಪೇಜ್ ತೆಗೆದ್ರೆ ನಾನು ಎಲ್ಲಾ ಸರಿಯಾಗೇ ಮಾಡ್ದೆ ಅಂತ ಆಗೋಗುತ್ತಮ್ಮ."

ಕೈಪಿಡಿ ಅಚ್ಚಾಗಲಿಲ್ಲ. ನಾವೇ ಜೆರಾಕ್ಸ್ ಮಾಡಿಸಿ, ಅವರ ಬಳಿಯಿದ್ದ ಶಿಷ್ಯರ ವಿಳಾಸಗಳಿಗೆಲ್ಲ ಅಂಚೆಯಲ್ಲಿ ಕಳಿಸಿದೆವು. ತಿಂಗಳುಗಳು ಕಳೆದವು. ಕೊನೆಗೆ ಒಂದೇ ಒಂದು ಉತ್ತರ ಬಂತು. ಅದೇ ಠಾಣೆಗೆ ಆಮೇಲೆ ಬಂದ ಶಿಷ್ಯೆಯೊಬ್ಬಳದು, ತಡವರಿಸುವ ಇಂಗ್ಲಿಷಿನಲ್ಲಿ. ಹೊಸಬರನ್ನು ಸೇರಿಸುವ ಮೊದಲು ಊರಲ್ಲಿ ಕೇಳಿದೆವು, ಇಬ್ಬರನ್ನು ವಾಪಸ್ ಕಳಿಸಿದೆವು. ಆ ಹೆಂಗಸು ಮತ್ತೆ ಬಂದಿದ್ದಳು. ಕೂತಳು, ಹೇಳಿದಳು, ನಾನು ಎಲ್ಲ ಬರೆದುಕೊಂಡೆ. ಗಂಡ ಇನ್ನೂ ಸಿಕ್ಕಿಲ್ಲ, ಎಂದು ಬರೆದಿದ್ದಳು.

ಅಂಕಲ್ ಅದನ್ನು ನನ್ನಿಂದ ಮೂರು ಸಲ ಓದಿಸಿದರು. "ಕೂತ್ಲಂತಾ?" ಎಂದು ಕೇಳಿದರು, ಮಗುವಿನ ಹಾಗೆ. ಆಮೇಲೆ ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು...

ನಾನು ಕೆಲಸ ಸಿಕ್ಕಿ ಬೇರೆ ಕಡೆ ಶಿಫ್ಟ್ ಆದೆ, ಅವರು ಮೈಸೂರಿಗೆ ಮರಳಿದರು. ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ವರ್ಷ ಕಳೆದಿತ್ತು. ಅಲ್ಲಿಯವರೆಗೆ ನಾನು ಅವರಿಗೆ ಒಂದು ಕಾಗದವನ್ನೂ ಬರೆದಿರಲಿಲ್ಲ.

ಮೊನ್ನೆ ನನ್ನ ಪ್ರತಿಯನ್ನು ಹುಡುಕಿ ತೆಗೆದೆ. ಆ ಪುಟದಲ್ಲಿ ಉದ್ದಕ್ಕೂ 'ಒಬ್ಬ ಹೆಂಗಸು' ಎಂದೇ ಇದೆ. ಆಕೆಗೆ ತೊಂದರೆಯಾಗಬಾರದೆಂದು ಅಂಕಲ್ ಆಕೆಯ ಹೆಸರು ಬರೆದಿರಲಿಲ್ಲ. ಅವರಿಗೆ ಆ ಹೆಸರು ಗೊತ್ತಿತ್ತು. ಅಷ್ಟು ಭಾನುವಾರಗಳಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ.