ಓದುವವರು ತಡೆದಲ್ಲಿ ತಿದ್ದುವ ಫರೀನ್

ಫರೀನಳ ಹೆಸರು ನಾನು ಮೊದಲು ಕೇಳಿದ್ದು ಹಿಂಗಾರಿ ಬಿತ್ತನೆಗೆ ಇನ್ನೂ ಒಂದೂವರೆ ತಿಂಗಳು ಇದ್ದಾಗ, ಒಂದು ಮಂಗಳವಾರ. ಸುರೇಬಾನದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಹುರಳಿ ಹಸನು ಮಾಡುತ್ತಿದ್ದೆ. ನೆರೆಮನೆಯ ಕಾಡವ್ವ ರಾಮದುರ್ಗದ ಬಸ್ಸಿಳಿದವಳು ಸೀದಾ ನನ್ನ ಹತ್ತಿರ ಬಂದು, ಕೈಯ ಚೀಲವನ್ನೂ ಕೆಳಗಿಡದೆ ಹೇಳಿದಳು.

"ಸೋಮವ್ವಾ, ಬೋರ್ಡ್ ಬರೀತಿದ್ದ ಬುರಾನಸಾಬ ಇದ್ದನಲ್ಲ, ಅವನ ಮಗಳು ಫರೀನ್, ಸರಿಯಾಗಿ ಓದಾಕ ಬರದವರನ್ನ ಹುಡುಕಾಕ ಹತ್ಯಾಳ. ನಾ ನಿನ್ನ ಹೆಸರ ಹೇಳಿ ಬಂದೇನಿ."

"ನಿನ್ನ ಹೆಸರ ಯಾಕ ಹೇಳಲಿಲ್ಲ?"

"ನನಗ ಒಟ್ಟಾ ಬರೂದಿಲ್ಲಲ್ಲ. ಆಕಿಗೆ ಅರ್ಧಮರ್ಧ ಬರೂವ್ರು ಬೇಕಂತ. ನಿನಗಿಂತ ಅರ್ಧಮರ್ಧ ಊರಾಗ ಯಾರದಾರ?"

ನನಗೆ ಮೈ ಉರಿದುಹೋಯಿತು. ನಾನು ಮೂರನೇ ಇಯತ್ತೆಯ ತನಕ ಸಾಲಿ ಕಲಿತವಳು. ಬಸ್ಸಿನ ಹಲಗೆ, ಔಷಧದ ಬಾಟಲಿ, ಎಲ್ಲವನ್ನೂ ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಗಂಡ ಮಾಳಪ್ಪ ತೀರಿಕೊಂಡು ಹನ್ನೊಂದು ವರ್ಷ. ಅಂದಿನಿಂದ ನಾಲ್ಕೆಕರೆ ಎರೆಹೊಲವನ್ನು ನಾನೇ ಮಾಡಿಸುತ್ತೇನೆ, ರಾಮದುರ್ಗದ ಬೀಜ ಸಂಘದಲ್ಲಿ ನನ್ನ ಹೆಸರಿನಲ್ಲೇ ಸದಸ್ಯತ್ವ ಇದೆ. ಈ ವಯಸ್ಸಿನಲ್ಲಿ ಯಾರೋ ಆಡಿಕೊಳ್ಳಲು ಕರೆದರೆ ಸುಮ್ಮನಿರುವವಳಲ್ಲ ನಾನು. ಎರಡು ಮಾತು ಅಂದೇ ಬರುತ್ತೇನೆ ಎಂದು ಮರುದಿನ ಬಸ್ಸು ಹತ್ತಿದೆ.

ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳ ಅಂಗಡಿ. ಒಂದೇ ಕೋಣೆ, ಎರಡು ಕಂಪ್ಯೂಟರು, ಗೋಡೆಗೆ ಒರಗಿಸಿಟ್ಟ ತಗಡಿನ ಹಳೆಯ ಬೋರ್ಡುಗಳು. ಫರೀನಳಿಗೆ ಮೂವತ್ತೈದರ ಆಸುಪಾಸು. ಮಾತಾಡುವಾಗ ಎದುರಿನವರ ಕಣ್ಣು ನೋಡುವುದಿಲ್ಲ, ತುಟಿ ನೋಡುತ್ತಾಳೆ.

"ನಾ ಏನ್ ನಗಸಾಕ ಬಂದಾಕಿ ಅಲ್ಲ," ಎಂದೆ, ಹೊಸ್ತಿಲಲ್ಲಿ ನಿಂತೇ.

"ನಗಾಕ ಯಾರಿಗೆ ಪುರಸೊತ್ತ ಐತ್ರಿ ಆಯಿ. ಕುಂದರ್ರಿ. ಇದನ್ನ ಓದ್ರಿ."

ಮೊಬೈಲು ಕೈಗೆ ಕೊಟ್ಟಳು. ನಮ್ಮ ಬೀಜ ಸಂಘದ್ದೇ ಪುಟ. ಯಾವ ಊರಿಗೆ ಯಾವ ದಿನ ಬೀಜ, ಬೀಜಕ್ಕೆ ಔಷಧ ಎಷ್ಟು ಕಲಸಬೇಕು ಎಂಬುದನ್ನು ಸಂಘದವರು ಇನ್ನು ಮುಂದೆ ಮೊಬೈಲಿನಲ್ಲೇ ಹಾಕುವವರಿದ್ದರು. ಹೊರಗಿನ ಒಂದು ಕಂಪನಿ ಮಾದರಿ ಮಾಡಿ ಕಳಿಸಿತ್ತು; ಅದರೆದುರು ತನ್ನದೊಂದು ಮಾದರಿ ಇಡಬೇಕೆಂದು ಫರೀನ್ ಹೊರಟಿದ್ದಳು. ನನ್ನ ಕೈಯಲ್ಲಿದ್ದದ್ದು ಕಂಪನಿಯದು. ಹಿಂದೆ ಜೋಳದ ತೆನೆಯ ಚಿತ್ರ, ಅದರ ಮೇಲೆ ಒಲೆಯ ಬೂದಿಯಂಥ ಬಣ್ಣದ ಸಣ್ಣ ಅಕ್ಷರ. ಎಲ್ಲ ಸಾಲೂ ನಟ್ಟನಡುವೆ ಬಂದು ಕೂತಿದ್ದರಿಂದ ಒಂದೊಂದು ಸಾಲು ಒಂದೊಂದು ಕಡೆ ಶುರುವಾಗುತ್ತಿತ್ತು. ನಾಲ್ಕು ಶಬ್ದ ಓದಿ ನಿಂತೆ. ಮತ್ತೆ ಓದಿದೆ, ಓದಿದ ಸಾಲಿಗೇ ಮತ್ತೆ ಬಂದಿದ್ದೆ.

"ನನ್ನ ಕಣ್ಣ ಹೋಗ್ಯಾವ, ತಗೋ," ಎಂದು ಮೊಬೈಲು ಮರಳಿ ಚಾಚಿದೆ.

"ಕಣ್ಣ ಹೋಗಿಲ್ರಿ. ಪುಟ ಕೆಟ್ಟೈತಿ. ಎಲ್ಲಿ ತಡದ್ರಿ, ಬಟ್ಟ ಇಟ್ಟು ತೋರಸ್ರಿ."

ಅರವತ್ತೆಂಟು ವರ್ಷಗಳಲ್ಲಿ ಸಾಲಿಯ ಮಾಸ್ತರರಿಂದ ಹಿಡಿದು ಬ್ಯಾಂಕಿನವರ ತನಕ ಎಲ್ಲರೂ ನನ್ನನ್ನೇ ದಡ್ಡಿ ಎಂದಿದ್ದರು. ಬರೆದವರ ತಪ್ಪು ಎಂದವಳು ಇವಳೊಬ್ಬಳೇ. ಅನ್ನಬೇಕೆಂದುಕೊಂಡು ಬಂದ ಎರಡು ಮಾತು ಅಲ್ಲಿಗೇ ಬಿಟ್ಟೆ. ತಡೆದಲ್ಲಿ ಬೆರಳಿಟ್ಟು ತೋರಿಸಿದೆ.

ಇದು ಅವಳಪ್ಪನ ಪದ್ಧತಿ ಎಂದು ಆಮೇಲೆ ಹೇಳಿದಳು. ಬುರಾನಸಾಬ ಯರಗಟ್ಟಿ, ಸವದತ್ತಿ, ಬೈಲಹೊಂಗಲ ಎಲ್ಲ ಕಡೆ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿಗಳ ಬೋರ್ಡು ಬರೆದವನು. ಬಣ್ಣ ಹಸಿ ಇರುವಾಗಲೇ ಬೋರ್ಡನ್ನು ಗೋಡೆಗಿಟ್ಟು, ರಸ್ತೆಯ ಆಚೆ ನಿಂತು, ಸಂತೆಯ ಚೀಲ ಹಿಡಿದು ಹೋಗುವ ಯಾರನ್ನಾದರೂ ನಿಲ್ಲಿಸಿ ಓದಿಸುತ್ತಿದ್ದನಂತೆ. ಸರಸರ ಓದುವ ಮಾಸ್ತರರನ್ನು ಕರೆಯುತ್ತಿರಲಿಲ್ಲ, ಅವರು ಎಂಥದನ್ನೂ ಓದಿಬಿಡುತ್ತಾರೆ ಎಂದು. ಓದುವವರು ತಡೆದಲ್ಲಿ ಸೀಮೆಎಣ್ಣೆಯ ಅರಿವೆಯಿಂದ ಒರೆಸಿ, ಅಲ್ಲಿ ಮತ್ತೆ ಬರೆಯುತ್ತಿದ್ದ. ಮಾಲಕರು ಹೊತ್ತಾಯಿತೆಂದು ಬೈದರೂ ಬೋರ್ಡು ಕೊಡುತ್ತಿರಲಿಲ್ಲವಂತೆ. ಫ್ಲೆಕ್ಸ್ ಬಂದಮೇಲೆ ಕುಂಚ ನಿಂತಿತು. ಮಗಳು ಧಾರವಾಡದಲ್ಲಿ ಕಂಪ್ಯೂಟರ್ ಕಲಿತು ಬಂದು ಅದೇ ಕೋಣೆಯಲ್ಲಿ ಕೂತಳು. ಅಪ್ಪ ಹೋಗಿ ಎರಡು ವರ್ಷ. ಸಂಘದ ಪುಟ ಸಿಕ್ಕರೆ ಕೋಣೆ ಉಳಿಯುತ್ತದೆ, ಇಲ್ಲದಿದ್ದರೆ ಬೀಗ ಹಾಕಿ ಹುಬ್ಬಳ್ಳಿಯಲ್ಲಿ ಯಾರದೋ ಕೈಕೆಳಗೆ ದುಡಿಯಬೇಕು. ಇಷ್ಟನ್ನು ಅವಳು ದುಃಖದಿಂದ ಹೇಳಲಿಲ್ಲ, ನಾಳೆ ಬಸ್ಸು ಎಷ್ಟಕ್ಕೆ ಎಂದು ಹೇಳುವಂತೆ ಹೇಳಿದಳು.

ಆಮೇಲೆ ಪ್ರತಿ ಬುಧವಾರ ಹೋದೆ. ಅವಳ ಮಾದರಿಯಲ್ಲಿ ಬೂದಿ ಬಣ್ಣ ಹೋಗಿ ಕಪ್ಪು ಬಂತು. ತೆನೆಯ ಚಿತ್ರ ಅಕ್ಷರದ ಕೆಳಗಿಂದ ಎದ್ದು ಮೇಲೆ ಬೇರೆ ಕೂತಿತು. ಐದು ನಮೂನೆಯ ಅಕ್ಷರ ಹೋಗಿ ಎರಡು ಉಳಿದವು. ಎಲ್ಲ ಸಾಲೂ ಎಡಕ್ಕೆ ಒಂದೇ ಬದುವಿಗೆ ಹತ್ತಿ ನಿಂತವು. ಆದರೂ ಒಂದು ಕಡೆ ನಾನು ತಡೆಯುತ್ತಲೇ ಇದ್ದೆ. ಅಕ್ಷರ ದೊಡ್ಡದು ಮಾಡಿದರೂ ತಡೆದೆ.

"ಕೂರಿಗಿ ತಾಳ ಸನೇಕ ಹಚ್ಚೀದಿ ಮಗಳ," ಎಂದೆ ಕಡೆಗೆ, ಬಿತ್ತುವ ಕೂರಿಗೆಯ ಹಲ್ಲುಗಳನ್ನು ತೀರ ಹತ್ತಿರ ಕಟ್ಟಿದಂತೆ ಕಂಡು. "ಸಾಲ ಸಾಲಿಗೆ ತಿಕ್ಕಾಡಿದ್ರ ಬೆಳಿ ಹೆಂಗ ಬರತೈತಿ?"

ಅವಳು ಪರದೆಯ ಹತ್ತಿರ ಮುಖ ಒಯ್ದು ನೋಡಿದಳು. ಮೇಲಿನ ಸಾಲಿನ ಒತ್ತಕ್ಷರಗಳ ಕಾಲು ಕೆಳಗಿನ ಸಾಲಿನ ತಲೆಗೆ ತಾಗಿ ಕತ್ತರಿಸಿಹೋಗಿದ್ದವು. "ಇಂಗ್ಲೀಷಿನ ಅಳತಿ ಹಂಗ ಬಿಟ್ಟಿದ್ದೆ. ಅದಕ್ಕ ನಮ್ಮಂಗ ಕೆಳಗ ಒತ್ತ ಇಲ್ಲ," ಎಂದು ತನ್ನನ್ನೇ ಬೈದುಕೊಂಡು ಸಾಲುಗಳನ್ನು ಅಗಲಿಸಿದಳು. ಅವತ್ತು ಪೂರಾ ಪುಟ ತಡೆಯದೆ ಓದಿದೆ. ಮುಂದಿನ ವಾರ ಇನ್ನೂ ಸರಾಗ ಓದಿದೆ.

ಅವಳು ಸಂತೋಷಪಡಲಿಲ್ಲ. "ಆಯಿ, ಮೂರನೇ ಸಾಲ ನಾ ಮುಂಜಾನೆ ತಗದೇನಿ. ನೀವು ಎಲ್ಲಿಂದ ಓದಿದ್ರಿ?"

ಮೊಬೈಲು ಕೆಳಗಿಟ್ಟೆ. ಒಮ್ಮೆ ಕೇಳಿದ್ದು ನನಗೆ ಮರೆಯುವುದಿಲ್ಲ, ಗಂಡ ಮದುವೆಯ ದಿನ ಆಡಿದ ಮಾತು ಇವತ್ತಿಗೂ ಹಾಗೇ ಹೇಳುತ್ತೇನೆ. ಪುಟವೆಲ್ಲ ಬಾಯಿಗೆ ಬಂದುಬಿಟ್ಟಿತ್ತು, ಅವಳು ಗೆಲ್ಲಲಿ ಎಂದು ಹೇಳಿಬಿಟ್ಟಿದ್ದೆ.

"ನಿನ್ನ ಸಲುವಾಗೇ ಅಲ್ಲೇನ," ಎಂದೆ.

"ನನ್ನ ಸಲುವಾಗಿ ಸುಳ್ಳ ಓದಬ್ಯಾಡ್ರಿ. ಅದರಕಿಂತ ಬೀಗ ಹಾಕತೇನಿ."

ಸಂಘದ ಸಭೆಗೆ ಇಬ್ಬರೂ ಹೋದೆವು. ಅಧ್ಯಕ್ಷ ನಿಜಗುಣಪ್ಪ ಕಂಪನಿಯ ಪುಟವನ್ನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಿಟ್ಟು ತೋರಿಸಿದ. "ನೋಡ್ರಿ, ಮದವಿ ಪತ್ರಿಕಿ ಆದಂಗ ಐತಿ."

"ಮದವಿ ಪತ್ರಿಕಿ ಓದದಿದ್ರೂ ಊಟಕ್ಕ ಹೋಗತಾರ್ರಿ," ಎಂದಳು ಫರೀನ್. "ಬೀಜದ ಪಾಳಿ ಓದದಿದ್ರ ಹೊಲ ಬೀಳ ಬೀಳತೈತಿ."

ನಾನು ಅವಳ ಪುಟ ಓದಿ ಮುಗಿಸಿದೆ. ಶಂಕರೆಪ್ಪ ಎಂಬ ನಿರ್ದೇಶಕ ತೊಡೆ ತಟ್ಟಿ ನಕ್ಕ. "ಮುದುಕಿಗೆ ಬಾಯಿಪಾಠ ಮಾಡಿಸಿ ತಂದಾಳ."

ಅವಳು ಇಲ್ಲ ಎನ್ನುತ್ತಾಳೆ ಎಂದುಕೊಂಡೆ.

"ಹೌದ್ರಿ, ಬಾಯಿಪಾಠ ಆಗೈತಿ," ಎಂದಳು. "ಅದಕ್ಕ ಈಗ ನೀವ ಹೇಳ್ರಿ, ನಾ ಬರೀತೇನಿ. ಅವರ ಪುಟದ ಅಕ್ಷರ, ಬಣ್ಣ, ಅಳತಿ ಎಲ್ಲಾ ನನ್ನ ಕಡೆ ಐತಿ. ಎರಡರಾಗೂ ಒಂದ ಮಾತ ಹಾಕತೇನಿ. ಆಯಿ, ಹೊರಗ ಹೋಗ್ರಿ."

ಜಗಲಿಯಲ್ಲಿ ನಿಂತೆ. ಒಳಗಿನಿಂದ ನಗು ಕೇಳಿಸಿತು. ಕರೆದಾಗ ಮೊದಲು ಕಂಪನಿಯ ಪುಟ ಹಿಡಿದರು. ಮೂರು ಶಬ್ದಕ್ಕೆ ನಿಂತೆ. ಸುಳ್ಳು ಹೇಳಲಿಲ್ಲ, ಬರುವುದಿಲ್ಲ ಎಂದೆ. ಆಮೇಲೆ ಅವಳದು. ಕೂಡಿಸುತ್ತ ಕೂಡಿಸುತ್ತ ಓದಿದೆ: "ಸಾಲಹಳ್ಳಿಯವರಿಗೆ ಶುಕ್ರವಾರ ಬೀಜ ಇಲ್ಲ. ಶನಿವಾರ ಹತ್ತು ಗಂಟೆಗೆ ಬರಬೇಕು. ಮುದುಕಿಯರು ಮನೆಯಲ್ಲಿ ಸುಮ್ಮನೆ ಕೂಡ್ರುವುದು ಒಳ್ಳೆಯದು."

ಕಡೆಯದನ್ನು ಯಾರು ಬರೆಸಿದ್ದೆಂದು ಕೇಳಬೇಕಾಗಿರಲಿಲ್ಲ. "ಕುಂಡ್ರೂದಿಲ್ಲ ಶಂಕರೆಪ್ಪಾ," ಎಂದೆ. ಈ ಸಲ ನಗು ಅವನ ಕಡೆ ಹೋಯಿತು.

ನಿಜಗುಣಪ್ಪ ಗಡ್ಡ ಕೆರೆದುಕೊಂಡ. "ಹಂಗಾದ್ರ ಮೊದಲನೇ ಪುಟ ಕಂಪನೀದ ಇರಲಿ, ನೋಡಾಕ ಚಂದ. ಒಳಗಿನದು ಈ ತಂಗಿ ಮಾಡಲಿ."

ಅರ್ಧ ಕೆಲಸವಾದರೂ ಕೋಣೆ ಉಳಿಯುತ್ತದೆ. ಒಪ್ಪಿಕೋ ಎಂದು ನಾನು ಕಣ್ಣಿನಲ್ಲೇ ಹೇಳಿದೆ. ಅವಳು ಲ್ಯಾಪ್‌ಟಾಪು ಮುಚ್ಚಿದಳು.

"ಬಾಗಲಾನ ತಿಳೀದಿದ್ರ ಒಳಗ ಯಾರ ಬರತಾರ್ರಿ? ಮಾಡಿದ್ರ ಪೂರಾ ಮಾಡತೇನಿ, ಇಲ್ಲಾಂದ್ರ ನಿಮ್ಮ ಚಂದ ನಿಮಗಿರಲಿ."

ಆಗ ನನಗೂ ಧೈರ್ಯ ಬಂತು. "ನಿಜಗುಣಪ್ಪಾ, ಸದಸ್ಯರ ಪಟ್ಟ್ಯಾಗ ನನ್ನ ಹೆಸರ ಐತಿ. ನನಗ ಓದಾಕ ಬಾರದ್ದನ್ನ ನನ್ನ ಸಂಘದ ಹೆಸರಿಲೆ ಹಾಕಬ್ಯಾಡ. ಹಾಕಿದ್ರ ಪಾಳಿ ಕೇಳಾಕ ದಿನಾ ನಿಮ್ಮ ಮನೀಗೆ ಬರತೇನಿ. ನಾನಷ್ಟ ಅಲ್ಲ, ಸುರೇಬಾನ ಪೂರಾ ಕರಕೊಂಡ ಬರತೇನಿ."

"ವಿಚಾರ ಮಾಡತೇವಿ, ಯಕ್ಕಾ," ಎಂದ ಅವನು. ಹತ್ತು ದಿನ ವಿಚಾರ ಮಾಡಿದರು. ಆ ಹತ್ತೂ ದಿನ ಫರೀನ್ ಒಂದು ಸಲವೂ ಸಂಘದ ಆಫೀಸಿನ ಮುಂದೆ ಹಾಯಲಿಲ್ಲ, ಫೋನೂ ಮಾಡಲಿಲ್ಲ. ಹನ್ನೊಂದನೇ ದಿನ ಅವರೇ ಕರೆದು ಪೂರಾ ಪುಟ ಅವಳಿಗೆ ಕೊಟ್ಟರು. ನಿಜಗುಣಪ್ಪ ಮನೆಯಲ್ಲಿ ತನ್ನ ತಾಯಿಯಿಂದ ಎರಡೂ ಪುಟ ಓದಿಸಿ ನೋಡಿದ್ದನಂತೆ.

ಪುಟ ಊರವರಿಗೆಲ್ಲ ತೆರೆಯುವ ಹಿಂದಿನ ದಿನ ಅವಳು ನನ್ನನ್ನು ಕಡೆಯ ಸಲ ಕರೆಸಿದಳು. ಶಬ್ದಗಳೆಲ್ಲ ಹೊಸವು, ಬಾಯಿಪಾಠಕ್ಕೆ ದಾರಿ ಇರಲಿಲ್ಲ. ಮೊದಲಿನಿಂದ ಕಡೆಯ ತನಕ ಓದಿ, ಮೊಬೈಲು ಕೆಳಗಿಟ್ಟು, "ಭಾಳ ಚಲೋ ಐತಿ," ಎಂದೆ.

ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು.

"ಚಲೋ ಅನ್ನೂದು ನನಗ ಬ್ಯಾಡ್ರಿ ಆಯಿ. ಔಷಧದ ಸಾಲಿನ್ಯಾಗ ಒಂದ ಉಸರಿನಷ್ಟ ತಡದ್ರಿ. ಅಲ್ಲಿ ಏನಾತು, ಅದನ್ನಷ್ಟ ಹೇಳ್ರಿ."