ವಿಮಲಾಕ್ಷಮ್ಮನ ಉಳಿತಾಯ
ಗ್ಯಾಸಿನ ಬೆಲೆ ಏರಿದಾಗಲೆಲ್ಲ ಹಲಸೂರಿನ ವಿಮಲಾಕ್ಷಮ್ಮನ ಹುರುಪೂ ಏರುತ್ತಿತ್ತು. ಒಂದೇ ಕುಕ್ಕರಿನಲ್ಲಿ ಬೇಳೆ, ಅನ್ನ, ಪಲ್ಯದ ಬೀನ್ಸು ಒಂದರ ಮೇಲೊಂದಿಟ್ಟು, ಎರಡು ಕೂಗಿಗೆ ಒಲೆ ಆರಿಸಿ, ಹಳೇ ಕಂಬಳಿ ಹೊದಿಸಿಬಿಡುತ್ತಿದ್ದರು. “ಇನ್ನು ತಾನೇ ಬೇಯುತ್ತೆ, ಯಾರೂ ಮುಟ್ಬೇಡಿ!” ಹೀರೇಕಾಯಿಯ ಸಿಪ್ಪೆ ಚಟ್ನಿಯಾಗುತ್ತಿತ್ತು, ಕಲ್ಲಂಗಡಿಯ ಬಿಳಿ ತಿರುಳು ದೋಸೆಯಾಗುತ್ತಿತ್ತು, ಗಂಡ ಪಂಚಾಕ್ಷರಯ್ಯನವರಿಗೆ ಬಾಳೆಹಣ್ಣಿನ ಸಿಪ್ಪೆ ಎಸೆಯಲೂ ಭಯ. ಒಂದು ರಂಜಾನ್ ಹಬ್ಬದ ಬೆಳಿಗ್ಗೆ ಪಕ್ಕದ ಮನೆಯ ಸಾಬಿರಾ ಅಳುಮುಖ ಮಾಡಿಕೊಂಡು ಬಂದಳು. ಹಬ್ಬದ ಶಾವಿಗೆ ಪಾಯಸ ಶೀರ್‌ಖುರ್ಮಾದ ಹಾಲು ಕಾಯುವ ಮೊದಲೇ ಅವಳ ಗ್ಯಾಸ್ ಮುಗಿದಿತ್ತು. ವಿಮಲಾಕ್ಷಮ್ಮ ಉರಿಯುತ್ತಿದ್ದ ಒಲೆ ಆರಿಸಿ, ತಮ್ಮ ಸಿಲಿಂಡರನ್ನೇ ಬಿಚ್ಚಿ ಅವಳ ಮನೆಗೆ ಉರುಳಿಸಿಕೊಂಡು ಹೊರಟರು. “ಅಯ್ಯೋ ಆಂಟಿ, ನಿಮ್ಮ ಅಡುಗೆ?” “ನಾವೂ ನಿಮ್ಮನೇಲೇ ಶೀರ್‌ಖುರ್ಮಾ ಕುಡೀತೀವಿ ಕಣೆ. ಎರಡು ಮನೆಗೆ ಒಂದೇ ಒಲೆ, ಎಷ್ಟು ಉಳಿತಾಯ ನೋಡು!”